ಮೇಸ್ತ್ರಿ ಕೇಸಿಗೆ ವಕೀಲರನ್ನು ಆರಿಸಿದ್ದು

ವಕಾಲತ್ತಿಗೆ ಸಹಿ ಬಿದ್ದ ದಿನ ಮಧ್ಯಾಹ್ನ ಯಾವ ವಕೀಲರು ಕ್ಯಾಂಟೀನಿನಲ್ಲಿ ಎಷ್ಟು ಉಣ್ಣುತ್ತಾರೆ ಎಂಬುದನ್ನು ನಾನು ಮೂವತ್ತೊಂದು ವರ್ಷ ನೋಡಿದ್ದೇನೆ. ನಾನು ಕೋರ್ಟಿನಲ್ಲಿ ಹೆಸರು ಕೂಗುವ ಜವಾನನಾಗಿದ್ದೆ. ಬಾಗಿಲ ಬಳಿ ನಿಂತು ಮೂರು ಸಲ ಕೂಗುವುದು, ಬಂದವರನ್ನು ಒಳಗೆ ಬಿಡುವುದು, ಉಳಿದ ಹೊತ್ತು ಸ್ಟೂಲಿನ ಮೇಲೆ ಕೂತು ಜನರನ್ನು ನೋಡುವುದು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಒಳ್ಳೆಯ ವಕೀಲರು ಯಾರು ಎಂದು ಹೇಳಲು ನನಗೆ ಕಾನೂನಿನ ಪುಸ್ತಕ ಬೇಕಾಗಲಿಲ್ಲ. ಸಹಿಯಾದ ದಿನ ತಟ್ಟೆ ಖಾಲಿ ಮಾಡಿ ಇನ್ನಷ್ಟು ಮೊಸರಿಗೆ ಕೈ ಚಾಚಿದರು ಎಂದರೆ, ಕಕ್ಷಿದಾರನ ಸಂಕಟವನ್ನು ಅವರು ತೆಗೆದುಕೊಂಡಿಲ್ಲ, ಯಾರೋ ಜೂನಿಯರ್ ಕೈಲಿ ಸಹಿ ಮಾಡಿಸಿ ಅವರ ತಲೆಗೆ ಕಟ್ಟಿದ್ದಾರೆ ಎಂದೇ ಲೆಕ್ಕ.

ನಮ್ಮೂರಿನಲ್ಲಿ ಅದು ಹಾಗೆಯೇ. ಕಾಗದದ ಮೇಲೆ ಇಬ್ಬರ ಸಹಿಯೂ ಒಣಗುವಷ್ಟರಲ್ಲಿ ಕಕ್ಷಿದಾರನ ಎದೆಯಲ್ಲಿದ್ದದ್ದು ವಕೀಲರ ಎದೆಗೆ ಬಂದಿರುತ್ತದೆ. ತೀರ್ಪಿನವರೆಗೆ ಅಲ್ಲಿದ್ದು, ತೀರ್ಪಿನ ದಿನ ವಾಪಸು ಹೋಗುತ್ತದೆ. ಕೋರ್ಟಿನ ಎದುರು ಮೂರು ಮಿಠಾಯಿ ಅಂಗಡಿ ಇರುವುದು ಇದೇ ಕಾರಣಕ್ಕೆ. ಸಹಿ ಹಾಕಿ ಹೊರಗೆ ಬಂದವರಿಗೆ ಥಟ್ಟನೆ ಹಸಿವಾಗುತ್ತದೆ. ಜನ ಮನೆಯ ಮದುವೆಗಳನ್ನು ವ್ಯಾಜ್ಯ ನಡೆಯುತ್ತಿರುವಾಗಲೇ ಮಾಡಿ ಮುಗಿಸುತ್ತಾರೆ. ತೀರ್ಪು ಬೇಗ ಬರೆಯುವ ಜಡ್ಜಿಗೆ ಇಲ್ಲಿ ಒಳ್ಳೆಯ ಹೆಸರಿಲ್ಲ. ಕ್ರಿಮಿನಲ್ ವಕೀಲರಿಗೆ ಹೆಣ್ಣು ಕೊಡುವವರು ಕಡಿಮೆ. ಯಾರದೋ ಸತ್ತ ಎಮ್ಮೆಗಾಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅಳುತ್ತಿರುವ ಕರಿಕೋಟಿನವರನ್ನು ಕಂಡರೆ ಯಾರೂ ನಗುವುದಿಲ್ಲ. ಕೂತುಕೊಳ್ಳಲು ಜಾಗ ಮಾಡಿಕೊಡುತ್ತಾರೆ.

ದೋಣಿಕಟ್ಟೆಯಿಂದ ಭತ್ತದ ಮಂಡಿಯವರೆಗೆ ನಮ್ಮೂರಿಗೆ ಒಂದೇ ದೊಡ್ಡ ರಸ್ತೆ. ಆ ರಸ್ತೆಯ ಎಲ್ಲ ಅಂಗಡಿಯವರೂ ಪ್ರತಿ ಸೋಮವಾರ ಮೇಸ್ತ್ರಿಯ ಕಡೆಯವರಿಗೆ ಮಾಮೂಲು ಕೊಡಬೇಕಿತ್ತು. ಅವನ ಹೆಸರು ಬಸವಂತ. ಹಿಂದೆ ಗಾರೆ ಕೆಲಸದ ಮೇಸ್ತ್ರಿಯಾಗಿದ್ದವನು. ಈಗ ಅವನು ಶಾಲೆಯ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ, ಪುರಸಭೆಯಲ್ಲಿ ಅವನು ಹೇಳಿದ್ದೇ ಮಾತು, ಆದರೂ ಬಾಯಲ್ಲಿ ಮೇಸ್ತ್ರಿ ಎಂದೇ ಉಳಿದಿದ್ದ. ಕೊಡದವರ ಅಂಗಡಿಯ ಶಟರ್ ಮಾರನೆಯ ದಿನ ಏಳುತ್ತಿರಲಿಲ್ಲ. ಇನ್ನೂ ಕೊಡದಿದ್ದರೆ ಅಂಗಡಿಯವನ ಕೈ ಏಳುತ್ತಿರಲಿಲ್ಲ.

ನನ್ನ ಮಗಳು ವನಜಾ ಆ ರಸ್ತೆಯಲ್ಲಿ ಔಷಧಿ ಅಂಗಡಿಯ ಮಹಡಿಯ ಮೇಲಿದ್ದ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಇಪ್ಪತ್ತಾರು ವರ್ಷ. ಸ್ಟುಡಿಯೋದ ಕಿಟಕಿಯಿಂದ ಹನ್ನೊಂದು ಸೋಮವಾರ ಅವಳು ಮೇಸ್ತ್ರಿಯ ಕಡೆಯವರ ಫೋಟೋ ತೆಗೆದಳು. ಯಾವ ಅಂಗಡಿ, ಯಾರ ಕೈ, ಯಾರ ಜೇಬು, ಎಲ್ಲ ಸ್ಪಷ್ಟ. ಹೊಸದಾಗಿ ಬಂದಿದ್ದ ಎಸ್‌ಪಿಯವರಿಗೆ ಒಂದು ಕಟ್ಟು ಕೊಟ್ಟು ಬಂದಳು. ಹನ್ನೆರಡನೇ ಸೋಮವಾರ ಮಧ್ಯಾಹ್ನ ಇಬ್ಬರು ರಸ್ತೆಯ ಕಡೆಯ ಮೆಟ್ಟಿಲು ಹತ್ತಿ ಬಂದು ಸ್ಟುಡಿಯೋದ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಟ್ಟರು. ವನಜಾ ಒಳಗೇ ಉಳಿದಳು. ಕೆಳಗೆ ನಿಂತಿದ್ದ ಕಾರಿನಲ್ಲಿ ಮೇಸ್ತ್ರಿ ಕೂತಿದ್ದ. ಮಗಳಿಗೆ ಊಟ ತೆಗೆದುಕೊಂಡು ಬರುತ್ತಿದ್ದ ನನ್ನ ಹೆಂಡತಿ ಸಾಕಮ್ಮ ಮೂವರನ್ನೂ ರಸ್ತೆಯ ಆ ಬದಿಯಿಂದ ಕಂಡಳು. ಅವಳನ್ನು ಬಿಟ್ಟು ಕಂಡವರು ಬೇರೆ ಯಾರೂ ಇರಲಿಲ್ಲ, ಅಥವಾ ಕಂಡೆವೆಂದು ಹೇಳುವವರು ಇರಲಿಲ್ಲ.

ಎಸ್‌ಪಿಯವರು ವಾರದೊಳಗೆ ಮೇಸ್ತ್ರಿಯನ್ನೂ ಅವನ ಒಂಬತ್ತು ಜನರನ್ನೂ ಹಿಡಿದು ಹಾಕಿದರು. ಪೇಪರಿನವರು, ಟಿವಿಯವರು ಬಂದು ದೋಣಿಕಟ್ಟೆಯಲ್ಲಿ ನಿಂತು ಮಾತಾಡಿ ಹೋದರು. ಇಷ್ಟು ದೊಡ್ಡ ಕೇಸಿಗೆ ಸರ್ಕಾರದ ಪರವಾಗಿ ವಾದಿಸುವ ವಕೀಲರನ್ನು ನೊಂದವರೇ ಆರಿಸಬೇಕೆಂಬುದು ನಮ್ಮೂರಿನ ಪದ್ಧತಿ, ಯಾಕೆಂದರೆ ಸಂಕಟ ಹೋಗುವುದು ಅವರದ್ದು. ನಲವತ್ತೊಂದು ಅಂಗಡಿಯವರು ಅಕ್ಕಿ ಗಿರಣಿಯ ಅಂಗಳದಲ್ಲಿ ಸೇರಿದರು. ಆರಿಸುವ ಕೆಲಸವನ್ನು ನನಗೆ ಬಿಟ್ಟರು.

"ಪರಶಿವಮೂರ್ತಿಗಳನ್ನೇ ಹಿಡಿಯೋಣ ಚನ್ನಯ್ಯ. ಅವರು ಬಾಯಿ ಬಿಟ್ರೆ ಜಡ್ಜಿ ಟೇಬಲ್ ಮೇಲಿನ ಗ್ಲಾಸು ಅಲ್ಲಾಡುತ್ತೆ," ಎಂದ ಪಾತ್ರೆ ಅಂಗಡಿ ಜಯಣ್ಣ.

"ಸಹಿ ದಿನ ಅವರು ಎರಡು ಸಲ ಅನ್ನ ಹಾಕಿಸ್ಕೊಳ್ತಾರೆ ಜಯಣ್ಣ. ನಿಮ್ಮ ಹೆದರಿಕೆ ಹೋಗೋದು ಅವರ ಜೂನಿಯರ್‌ಗೆ. ಮೇಸ್ತ್ರಿ ಕಡೆಯೋರು ಒಂದು ಸಲ ಕೆಮ್ಮಿದ್ರೆ ಆ ಜೂನಿಯರ್ ಊರು ಬಿಡ್ತಾನೆ. ನಿಮ್ಮ ಹೆದರಿಕೆ ನಿಮ್ಮ ಮನೆಗೇ ಬಂದು ಕೂರುತ್ತೆ."

"ಮತ್ಯಾರು?"

"ಖಾಸಿಂ ಸಾಹೇಬರು."

ಅಂಗಳದಲ್ಲಿ ನಗು ಎದ್ದಿತು. ಖಾಸಿಂ ವಕೀಲರು ಬಾಗಿಲಿಗೆ ಬೀಗ ಹಾಕಿ ನಾಲ್ಕು ಸಲ ಎಳೆದು ನೋಡುವವರು, ಸೈಕಲ್ ಬಂದರೆ ಚರಂಡಿಯ ಪಕ್ಕಕ್ಕೆ ಸರಿಯುವವರು. "ಆ ಮನುಷ್ಯ ತನ್ನ ನೆರಳಿಗೇ ಸಲಾಂ ಹೊಡೀತಾರೆ," ಎಂದ ಜಯಣ್ಣ.

"ಅದಕ್ಕೇ ಅವರು ಬೇಕು. ಧೈರ್ಯಸ್ಥರಿಗೆ ಹೆದರಿಕೆ ಹೊಸದು, ಬಂದ ದಿನವೇ ಕಂಗಾಲಾಗ್ತಾರೆ. ಖಾಸಿಂ ಸಾಹೇಬರು ಮೂವತ್ತು ವರ್ಷದಿಂದ ಹೆದರಿಕೊಂಡೇ ಕೋರ್ಟಿಗೆ ಬರ್ತಿದಾರೆ. ಒಂದು ದಿನ ತಪ್ಪಿಸಿಲ್ಲ."

ನಗು ನಿಂತಿತು. ನಾನು ಹೋಗಿ ಕೇಳಿದಾಗ ಖಾಸಿಂ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನಲವತ್ತೊಂದು ಜನರದ್ದೂನಾ ಚನ್ನಯ್ಯ?"

"ಹೂಂ ಸಾಹೇಬರೇ."

"ನಂದೂ ಸೇರಿದ್ರೆ ನಲವತ್ತೆರಡು. ಇರ್ಲಿ. ಒಬ್ಬಂಟಿ ಹೆದರೋದಕ್ಕಿಂತ ಜೊತೆ ಇದ್ರೆ ವಾಸಿ," ಎಂದರು. ಹೇಳುವಾಗಲೇ ಅವರ ಕಣ್ಣು ಬಾಗಿಲ ಕಡೆಗಿತ್ತು.

ಇನ್ನು ನಮ್ಮ ಮನೆಯದ್ದು ಉಳಿಯಿತು. ಕೊಲೆಯ ಭಾಗ ಅದೊಂದೇ. ಅದಕ್ಕೆ ಬೇರೆ ವಕೀಲರು ಬೇಕಿತ್ತು, ಯಾಕೆಂದರೆ ಹೆದರಿಕೆ ಇರುವ ಎದೆಯಲ್ಲಿ ಇಂಥ ದುಃಖಕ್ಕೆ ಜಾಗ ಸಾಲದು. ನಾನು ದಾಕ್ಷಾಯಿಣಿ ವಕೀಲಮ್ಮನವರನ್ನು ಆರಿಸಿದೆ. ನಲವತ್ತನಾಲ್ಕು ವರ್ಷ, ಮದುವೆಯಾಗಿರಲಿಲ್ಲ, ಹೆಚ್ಚಾಗಿ ಪಾಲುಪಟ್ಟಿಯ ಕೇಸು ನಡೆಸುತ್ತಿದ್ದರು. ಅವರು ಯಾವ ವಕಾಲತ್ತು ತೆಗೆದುಕೊಂಡರೂ ಎರಡು ದಿನ ಆಫೀಸಿನ ಬಾಗಿಲು ಹಾಕಿಕೊಂಡು, ಮೂರನೆಯ ದಿನ ಮುಖ ತೊಳೆದು ಬಂದು ಕೆಲಸಕ್ಕೆ ಕೂರುತ್ತಿದ್ದರು. ದುಃಖವನ್ನು ಅವರು ದೂಡುತ್ತಲೂ ಇರಲಿಲ್ಲ, ಅದಕ್ಕೆ ಕೆಲಸ ಬಿಟ್ಟುಕೊಡುತ್ತಲೂ ಇರಲಿಲ್ಲ.

"ಒಂದು ಮನೆಗೆ ಒಂದೇ ಸಹಿ. ನಿಮ್ಮದಾ, ನಿಮ್ಮ ಮನೆಯವರದ್ದಾ?" ಎಂದು ಕೇಳಿದರು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಎಂಟನೇ ವರ್ಷ ಲಾರಿಗೆ ಸಿಕ್ಕಿ ಸತ್ತವನ ಹೆಂಡತಿಯೊಬ್ಬಳು ಸಾಕ್ಷಿ ಕಟಕಟೆಗೆ ಬಂದಿದ್ದಳು. ದುಃಖವೆಲ್ಲ ವಕೀಲರ ಬಳಿ ಇತ್ತು. ಅವಳು ಗಂಡ ಸತ್ತದ್ದನ್ನು ಹೇಳುತ್ತಾ ಹೇಳುತ್ತಾ ಆಕಳಿಸಿಬಿಟ್ಟಳು. ಜಡ್ಜಿ ಲೇಖನಿ ಕೆಳಗಿಟ್ಟರು. ಕೇಸು ಬಿದ್ದುಹೋಯಿತು. ಸಾಕಮ್ಮ ಸಾಕ್ಷಿ ಹೇಳುವವಳು, ಸಹಿ ಹಾಕಬೇಕಾದವನು ನಾನು. ಇದು ನನಗೆ ಆಗಲೇ ಹೊಳೆದಿತ್ತು. ಆದರೆ ಸಾಕಮ್ಮ ಐವತ್ತು ದಿನದಿಂದ ಗಂಜಿಯ ತಿಳಿ ಬಿಟ್ಟು ಏನನ್ನೂ ನುಂಗಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಬೆನ್ನಿನ ಮೂಳೆ ಒಂದೊಂದಾಗಿ ಕಾಣುತ್ತಿತ್ತು.

"ಅವಳದ್ದೇ," ಎಂದೆ.

ಸಹಿಯಾದ ಮೇಲೆ ಸಾಕಮ್ಮ ಒಂದು ನಿಮಿಷ ಹಾಗೇ ಕೂತಿದ್ದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ರೀ, ಎದುರುಗಡೆ ಜಿಲೇಬಿ ಮಾಡ್ತಿದಾರಾ? ವಾಸನೆ ಬರ್ತಿದೆ," ಎಂದಳು. ನಾನು ವಕೀಲಮ್ಮನ ಕಡೆ ನೋಡಿದೆ. ಅವರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಕರ್ಕೊಂಡು ಹೋಗಿ," ಎಂದಷ್ಟೇ ಹೇಳಿದರು. ಆ ಸಲ ಅವರ ಆಫೀಸು ಎರಡು ದಿನವಲ್ಲ, ಒಂಬತ್ತು ದಿನ ಮುಚ್ಚಿತ್ತು.

ಮನೆಯಲ್ಲಿ ಸಾಕಮ್ಮ ಚೇತರಿಸಿಕೊಂಡಳು. ಉಂಡಳು, ನಿದ್ದೆ ಮಾಡಿದಳು, ಗೋಡೆಗೆ ಸುಣ್ಣ ಹೊಡೆಸಿದಳು. ವನಜಾ ಸತ್ತದ್ದು ಅವಳಿಗೆ ಗೊತ್ತಿತ್ತು, ಯಾರಾದರೂ ಕೇಳಿದರೆ ಹೇಳುತ್ತಿದ್ದಳು, ದೂರದ ನೆಂಟರ ಸುದ್ದಿ ಹೇಳುವ ಹಾಗೆ. ಮಗಳ ಚೂಡಿದಾರಗಳನ್ನು ಎದುರು ಮನೆಯ ಹುಡುಗಿಗೆ ಕೊಟ್ಟು, "ಹಾಳಾಗೋ ಬದಲು ಯಾರಾದ್ರೂ ಹಾಕ್ಕೊಳ್ಳಿ," ಎಂದಳು. ಆ ಹುಡುಗಿ ಹಸಿರು ಚೂಡಿದಾರ ಹಾಕಿಕೊಂಡು ಗೇಟಿನ ಮುಂದೆ ಹಾದುಹೋದಾಗ ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಒಳಗೆ ಸಾಕಮ್ಮ ಒಗ್ಗರಣೆ ಹಾಕುತ್ತಾ ಯಾವುದೋ ಹಾಡು ಗುನುಗುತ್ತಿದ್ದಳು. ಅವಳ ಮೇಲೆ ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು. ಇದನ್ನು ಮಾಡಿದವನು ನಾನೇ.

ಒಂದು ಭಾನುವಾರ ಬೆಳಿಗ್ಗೆ ದಾಕ್ಷಾಯಿಣಿಯವರು ಮನೆಗೆ ಬಂದರು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಸಾಕಮ್ಮ ಕಾಫಿ ಕೊಟ್ಟು, "ಯಾಕಮ್ಮ ಇಷ್ಟು ಸೊರಗಿದೀರ, ಹೊತ್ತಿಗೆ ಸರಿಯಾಗಿ ಊಟ ಮಾಡಿ," ಎಂದು ಬುದ್ಧಿ ಹೇಳಿ ಅಂಗಡಿಗೆ ಹೋದಳು.

"ಚನ್ನಯ್ಯನವರೇ," ಎಂದರು ವಕೀಲಮ್ಮ, "ದುಃಖ ಮಾತ್ರ ಬಂದಿದೆ, ಹುಡುಗಿ ಬಂದಿಲ್ಲ. ನಾನು ಯಾರಿಗೋಸ್ಕರ ಅಳ್ತಿದೀನಿ ಅಂತ ನನಗೆ ಗೊತ್ತಾಗಬೇಕಲ್ಲ. ಅವಳು ಹೇಗಿದ್ದಳು ಹೇಳಿ."

ನಾನು ಹೇಳಿದೆ. ಹುಬ್ಬಿನ ಮೇಲಿನ ಗಾಯದ ಗುರುತು, ಉಯ್ಯಾಲೆಯಿಂದ ಬಿದ್ದದ್ದು. ನುಗ್ಗೆಕಾಯಿ ಕಂಡರೆ ತಟ್ಟೆ ದೂರ ತಳ್ಳುತ್ತಿದ್ದದ್ದು. ಮದುವೆ ಫೋಟೋ ತೆಗೆಯಲು ಹೋದರೆ ಮದುಮಗಳ ಅಮ್ಮನನ್ನು ಮೊದಲು ನಗಿಸುತ್ತಿದ್ದದ್ದು. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದರು. ಮುಂದಿನ ಭಾನುವಾರವೂ ಬಂದರು. ಸುಮಾರು ಮೂರು ವರ್ಷ, ಬಹುಪಾಲು ಭಾನುವಾರ. ನನ್ನ ಮಗಳಿಗಾಗಿ ನನ್ನ ಜೊತೆ ಕೂತು ಅಳುವವರು ಜಗತ್ತಿನಲ್ಲಿ ಅವರೊಬ್ಬರೇ ಇದ್ದರು. ಹೆಂಡತಿ ಅಡುಗೆಮನೆಯಿಂದ, "ಇನ್ನೊಂದು ಲೋಟ ಬೇಕಾ?" ಎಂದು ಕೇಳುತ್ತಿದ್ದಳು.

ವಿಚಾರಣೆ ಶುರುವಾದಾಗ ಹೊಸ ಜಡ್ಜಿ ಹೊರಗಿನಿಂದ ಬಂದು ಮೂರು ತಿಂಗಳಾಗಿತ್ತು. ಅಂಗಡಿಯವರು ಒಬ್ಬೊಬ್ಬರಾಗಿ ಕಟಕಟೆ ಹತ್ತಿದರು. ಹೆದರಿಕೆ ಖಾಸಿಂ ಸಾಹೇಬರ ಬಳಿ ಇದ್ದುದರಿಂದ ಒಬ್ಬರೂ ತೊದಲಲಿಲ್ಲ. ಜಯಣ್ಣ ಮೇಸ್ತ್ರಿಯ ಕಡೆ ಬೆರಳು ತೋರಿಸಿ, "ಇವನೇ ಸ್ವಾಮಿ. ನನ್ನ ಬಲಗೈ ಮುರಿಸಿದವನು. ಬೇಕಾದ್ರೆ ಎಡಗೈಲಿ ತೋರಿಸ್ತೀನಿ," ಎಂದ. ಖಾಸಿಂ ಸಾಹೇಬರು ಪ್ರಶ್ನೆ ಕೇಳುವಾಗ ಕೈಲಿದ್ದ ಕಾಗದ ಪಟಪಟ ನಡುಗುತ್ತಿತ್ತು. ಮೇಸ್ತ್ರಿಯ ಕಡೆಯ ಒಬ್ಬ ಹಿಂದಿನ ಬೆಂಚಿನಲ್ಲಿ ಕಾಲು ಬದಲಿಸಿದರೂ ಅವರ ಕುತ್ತಿಗೆ ಕುಗ್ಗುತ್ತಿತ್ತು. ಆದರೂ ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ನಾನು ಆರಿಸಿದ್ದು ಸರಿಯಾಗಿತ್ತು ಎಂದು ಊರೆಲ್ಲ ಹೇಳಿತು. ಮಾಮೂಲು ವಸೂಲಿಯ ಭಾಗ ಗಟ್ಟಿಯಾಯಿತು. ಆದರೆ ಅದಕ್ಕೆ ಸಿಗುವ ಶಿಕ್ಷೆ ನಾಲ್ಕಾರು ವರ್ಷದ್ದು. ಕೊಲೆ ಸಾಬೀತಾಗದಿದ್ದರೆ ಮೇಸ್ತ್ರಿ ಮತ್ತೆ ಅದೇ ರಸ್ತೆಗೆ ಬರುತ್ತಿದ್ದ.

ಮಂಗಳವಾರ ಸಾಕಮ್ಮನ ಸರದಿ ಬಂತು. ವಕೀಲಮ್ಮ ಕೇಳಿದ್ದಕ್ಕೆಲ್ಲ ಅವಳು ಅಚ್ಚುಕಟ್ಟಾಗಿ ಉತ್ತರ ಕೊಟ್ಟಳು. ಯಾರು ಚಿಲಕ ಹಾಕಿದರು, ಯಾರ ಕೈಲಿ ಡಬ್ಬ ಇತ್ತು, ಕಾರಿನ ಗಾಜು ಎಷ್ಟು ಇಳಿದಿತ್ತು. ಒಂದೂ ತಪ್ಪಿಲ್ಲ. ಕೇಳುತ್ತಿದ್ದ ವಕೀಲಮ್ಮನ ಧ್ವನಿ ಕಟ್ಟಿಹೋಗುತ್ತಿತ್ತು, ಹೇಳುತ್ತಿದ್ದ ತಾಯಿಯದ್ದು ಕಟ್ಟಲಿಲ್ಲ. ಆಮೇಲೆ ಮೇಸ್ತ್ರಿಯ ವಕೀಲ ನರಹರಿ ಪಾಟೀಸವಾಲಿಗೆ ಎದ್ದರು.

"ಅಮ್ಮಾ, ಆ ದಿನ ಮಗಳಿಗೆ ಊಟಕ್ಕೆ ಏನು ತಗೊಂಡು ಹೋಗ್ತಿದ್ರಿ?"

"ಮೆಂತ್ಯ ಸೊಪ್ಪಿನ ಹುಳಿ, ಅನ್ನ, ಹಪ್ಪಳ. ಹಪ್ಪಳ ಬೇರೆ ಕಾಗದದಲ್ಲಿ ಸುತ್ತಿದ್ದೆ. ಇಲ್ದಿದ್ರೆ ಮೆತ್ತಗಾಗುತ್ತೆ."

"ಇದು ನಮ್ಮ ಮನೆಯವಳಿಗೆ ಇನ್ನೂ ಗೊತ್ತಿಲ್ಲ ನೋಡಿ."

ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ಸಾಕಮ್ಮನೂ ನಕ್ಕಳು. "ಕಳಿಸಿಕೊಡಿ, ಹೇಳಿಕೊಡ್ತೀನಿ," ಎಂದಳು.

ನರಹರಿ ಜಡ್ಜಿಯ ಕಡೆ ತಿರುಗಿದರು. "ಮಹಾಸ್ವಾಮಿ, ಮಗಳು ಸುಟ್ಟುಹೋಗಿದ್ದನ್ನ ಕಣ್ಣಾರೆ ಕಂಡೆ ಅನ್ನೋ ತಾಯಿ ಇವರು. ಸದ್ಯಕ್ಕೆ ನಾನು ಹೆಚ್ಚಿಗೆ ಏನೂ ಹೇಳೋದಿಲ್ಲ. ಉಳಿದದ್ದನ್ನ ಗುರುವಾರ ಕೇಳ್ತೀನಿ."

ಜಡ್ಜಿಯವರು ಏನೋ ಬರೆದುಕೊಂಡರು. ಊರಿನ ರೀತಿ ಅವರಿಗೆ ಗೊತ್ತಿಲ್ಲವೆಂದಲ್ಲ, ಬಂದ ದಿನವೇ ಕೋರ್ಟಿನವರು ಹೇಳಿದ್ದರು. ಆದರೆ ಅವರು ಹುಟ್ಟಿ ಬೆಳೆದದ್ದು ನಗುವ ತಾಯಿಯನ್ನು ನಂಬದ ಊರಿನಲ್ಲಿ.

ಕ್ಯಾಂಟೀನಿನ ಬಳಿ ನರಹರಿ ನನ್ನನ್ನು ಕಂಡು ನಿಂತರು. "ತಪ್ಪು ತಿಳೀಬೇಡಿ ಚನ್ನಯ್ಯ. ಕೆಲಸ ಇದು," ಎಂದರು. ಆಮೇಲೆ ದನಿ ತಗ್ಗಿಸಿ, "ಮೇಸ್ತ್ರಿ ಸಹಿ ಹಾಕಿದ ದಿನ ನಾನೂ ಕಾದು ಕೂತಿದ್ದೆ, ಏನಾದ್ರೂ ಬರುತ್ತೆ ಅಂತ. ಪಶ್ಚಾತ್ತಾಪ ಬೇಡ, ಜೈಲಿನ ಭಯನಾದ್ರೂ ಬರ್ಲಿ ಅಂತ. ಏನೂ ಬರಲಿಲ್ಲ. ರುಚಿಯಾಗಿ ಊಟ ಸೇರಿತು. ಅವತ್ತಿಂದ ನನಗೆ ಅದೇ ಯೋಚನೆ," ಎಂದು ಕೈ ತೊಳೆಯಲು ಹೋದರು.

ಸಂಜೆ ಐದಕ್ಕೆ ದಾಕ್ಷಾಯಿಣಿಯವರ ಆಫೀಸಿಗೆ ಹೋದೆ. ಲಾರಿಯ ಕೇಸಿನ ಹೆಂಗಸಿನ ವಿಷಯ ಹೇಳಿದೆ. ಮೊದಲೇ ಗೊತ್ತಿತ್ತು, ಹೇಳಲಿಲ್ಲ, ಅವಳು ಊಟ ಮಾಡಲಿ ಎಂದು ಸುಮ್ಮನಿದ್ದೆ ಎಂದೆ. ಅವರು ಬೈಯಲಿಲ್ಲ.

"ಒಂದೇ ದಾರಿ," ಎಂದರು. "ಗುರುವಾರ ಬೆಳಿಗ್ಗೆ ವಕಾಲತ್ತು ಹಿಂದಕ್ಕೆ ತಗೋತೀನಿ. ಸಾಕಮ್ಮನದ್ದು ಸಾಕಮ್ಮನಿಗೆ ಹೋಗುತ್ತೆ. ಕೇಸನ್ನ ಖಾಸಿಂ ಸಾಹೇಬರು ಹೊಸ ಸಹಿ ಇಲ್ಲದೇ ಮುಂದುವರಿಸ್ತಾರೆ."

"ಬೇಡಮ್ಮ. ಅವಳು ತಡಿಯೋದಿಲ್ಲ. ನನ್ನದು ಹೇಗಾದ್ರೂ ಆಗುತ್ತೆ, ಅವಳು..."

"ಮೇಸ್ತ್ರಿ ಹೊರಗೆ ಬಂದ್ರೆ ತಡಕೊಳ್ತೀರಾ?"

ಅವರು ಮೇಜಿನ ಮೇಲಿದ್ದ ವನಜಾಳ ಫೋಟೋವನ್ನು ಎತ್ತಿ ನೋಡಿದರು. ಯಾವಾಗಲೋ ನಾನೇ ಕೊಟ್ಟದ್ದು. "ನನಗೂ ಕೊಡೋಕೆ ಮನಸ್ಸಿಲ್ಲ ಚನ್ನಯ್ಯನವರೇ. ಇದನ್ನ ಯಾರ ಹತ್ರಾನೂ ಹೇಳಬೇಡಿ. ಗುರುವಾರ ಹನ್ನೊಂದು ಗಂಟೆಗೆ ಇವಳು ನನಗೆ ಯಾರೂ ಅಲ್ಲ. ಈ ಮುಖ ನೋಡಿದ್ರೆ ನನಗೆ ಏನೂ ಆಗೋದಿಲ್ಲ. ಅದನ್ನ ನೆನೆಸಿಕೊಂಡ್ರೆ ಈಗಲೇ ಹೊಟ್ಟೆ ಉರಿಯುತ್ತೆ." ಅವರು ಅಳಲಿಲ್ಲ. ಅತ್ತು ಅತ್ತು ಅವರಿಗೆ ಅಭ್ಯಾಸವಾಗಿತ್ತು, ಮಾತಿನ ನಡುವೆ ಕಣ್ಣು ತಾನಾಗಿ ಸೋರುತ್ತಿತ್ತು ಅಷ್ಟೇ.

ಸಾಕಮ್ಮನಿಗೆ ಮಾರನೆಯ ಬೆಳಿಗ್ಗೆ ಹೇಳಿದೆ. ಅವಳು ಸೌತೆಕಾಯಿ ಹೆಚ್ಚುತ್ತಿದ್ದಳು.

"ವಾಪಸ್ ಬಂದ್ರೆ ಎಷ್ಟು ಭಾರ ಇರುತ್ತೆ?" ಎಂದು ಕೇಳಿದಳು.

"ನಿನಗೆ ನೆನಪಿಲ್ವಾ?"

"ಇತ್ತು ಅಂತ ಗೊತ್ತು. ಹೇಗಿತ್ತು ಅಂತ ಗೊತ್ತಿಲ್ಲ. ಹೆರಿಗೆ ನೋವಿನ ಥರ ಅದು." ಒಂದು ಹೋಳು ಬಾಯಿಗೆ ಹಾಕಿಕೊಂಡಳು. "ಇಲ್ದಿದ್ರೆ ಅವನು ಹೊರಗೆ ಬರ್ತಾನಾ?"

"ಬರಬಹುದು."

"ಹಂಗಾದ್ರೆ ತಗೋತೀನಿ ಬಿಡಿ. ನಂದೇ ಅಲ್ವಾ." ಪಕ್ಕದ ಮನೆಗೆ ಕೊಟ್ಟಿದ್ದ ಒರಳುಕಲ್ಲನ್ನು ವಾಪಸು ತರುವ ಹಾಗೆ ಹೇಳಿದಳು. "ವಕೀಲಮ್ಮ ಪಾಪ ಒಣಗಿಹೋಗಿದಾರೆ. ಅವರಾದ್ರೂ ನಾಲ್ಕು ತುತ್ತು ತಿನ್ಲಿ."

ಗುರುವಾರ ಅವಳು ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಚೆನ್ನಾಗಿ ಉಂಡಳು. ಆಮೇಲೆ ಊಟ ಸೇರುತ್ತದೋ ಇಲ್ಲವೋ ಎಂದು ಅವಳೇ ಹೇಳಿಕೊಂಡಳು. ನಾನು ಎದುರು ಕೂತು ನೋಡಿದೆ. ಅವಳ ಕೆನ್ನೆಗಳು ತುಂಬಿಕೊಂಡಿದ್ದವು. ಅದಕ್ಕಾಗಿ ನಾನು ಅವಳಿಂದ ಏನನ್ನು ಕೊಡಿಸಿದ್ದೆನೋ ಅದನ್ನು ಇನ್ನೊಂದು ಗಂಟೆಯಲ್ಲಿ ಅವಳು ಹಿಂದಕ್ಕೆ ಪಡೆಯಬೇಕಿತ್ತು.

ಬಾರ್ ರೂಮಿನ ಮೂಲೆಯಲ್ಲಿ ದಾಕ್ಷಾಯಿಣಿಯವರು ಕಾಗದದ ಮೇಲೆ ತಮ್ಮ ಸಹಿಯನ್ನು ಹೊಡೆದು ಹಾಕಿದರು. ಹೊಡೆಯುವ ಮುಂಚೆ ಅವರ ಕೈ ಬಹಳ ಹೊತ್ತು ಕಾಗದದ ಮೇಲೆ ನಿಂತಿತ್ತು. ಇಷ್ಟು ವರ್ಷ ಬೇರೆಯವರ ಬಳಿ ಇದ್ದರೆ ದುಃಖ ಸ್ವಲ್ಪ ಸವೆದಿರುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ಸುಳ್ಳು. ಸಾಕಮ್ಮ ನಿಂತಿದ್ದವಳು ಗೋಡೆ ಹಿಡಿದು ಕುಸಿದಳು. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು, ಉಗುರು ನಾಟಿ ರಕ್ತ ಬಂತು. "ಬಾಗಿಲು," ಎಂದಳು. ಅಷ್ಟೇ.

ಕಟಕಟೆಯಲ್ಲಿ ಅವಳಿಗೆ ಕುರ್ಚಿ ಕೊಟ್ಟರು. ನರಹರಿ ಎದ್ದು ಅವಳ ಮುಖ ನೋಡಿದರು. ಬುದ್ಧಿವಂತರು, ಅರ್ಥವಾಗಿರಬೇಕು. ಆದರೂ ಮಂಗಳವಾರದ ದಾರ ಹಿಡಿದುಕೊಂಡೇ ಹೊರಟರು.

"ಊಟಕ್ಕೆ ಹುಳಿ, ಹಪ್ಪಳ ಅಂದಿದ್ರಿ. ಮನೆಯಿಂದ ಎಷ್ಟು ಹೊತ್ತಿಗೆ ಹೊರಟ್ರಿ?"

ಸಾಕಮ್ಮ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಆಮೇಲೆ ಹೇಳಿದಳು. "ಕ್ಯಾರಿಯರ್ ಬಿಸಿ ಇತ್ತು."

"ಕೇ‍ಳಿದ್ದಕ್ಕೆ ಉತ್ತರ ಹೇಳಿ ಅಮ್ಮಾ."

"ಬಿಸಿ ಇತ್ತು ಸ್ವಾಮಿ. ಹಿಡಿ ಸುಡ್ತಾ ಇತ್ತು. ಬೇವಿನ ಮರದ ಕೆಳಗೆ ಇಟ್ಟು ಕೈ ಆರಿಸಿಕೊಂಡೆ. ಎರಡು ಸಲ ಇಟ್ಟೆ. ಇಡದೇ ಹೋಗಿದ್ರೆ ಅವರು ಬರೋ ಮುಂಚೆ ನಾನು ಅಲ್ಲಿಗೆ ಮುಟ್ಟಿರ್ತಿದ್ದೆ. ಅವಳು ಊಟಕ್ಕೆ ಕೆಳಗೆ ಬರ್ತಿದ್ಲು. ನನ್ನ ಕೈ ಸುಟ್ಟುಹೋಗುತ್ತೆ ಅಂತ ನಾನು ನಿಂತ್ಕೊಂಡೆ."

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನನಗೂ. ಸಹಿ ಹಾಕುವ ಮುಂಚಿನ ಆ ಐವತ್ತು ದಿನ ಅವಳು ಗೋಡೆ ನೋಡಿಕೊಂಡು ಮಲಗಿದ್ದದ್ದು ಇದನ್ನು ಇಟ್ಟುಕೊಂಡು ಎಂದು ನನಗೆ ಆ ದಿನ ಗೊತ್ತಾಯಿತು. ನರಹರಿ ಕೈಲಿದ್ದ ಕಾಗದವನ್ನು ಮಡಿಸಿ, "ಬೇರೆ ಪ್ರಶ್ನೆ ಇಲ್ಲ," ಎಂದು ಕೂತರು. ಮೇಸ್ತ್ರಿ ಉಗುರು ನೋಡಿಕೊಳ್ಳುತ್ತಿದ್ದ.

ಹೊರಗಿನ ಬೆಂಚಿನ ಮೇಲೆ ದಾಕ್ಷಾಯಿಣಿಯವರು ಕೂತಿದ್ದರು. ನಾನು ಹತ್ತಿರ ಹೋದಾಗ ತಲೆ ಎತ್ತಿ, "ಹೇಗಾಯ್ತು?" ಎಂದು ಕೇಳಿದರು, ಒಳ್ಳೆಯ ವಕೀಲರು ಕೇಳುವ ಹಾಗೆ. ಅವರ ಮುಖ ತಿಳಿಯಾಗಿತ್ತು. ಆ ತಿಳಿಮುಖ ನೋಡಲು ನನಗೆ ಆಗಲಿಲ್ಲ.

ಮೇಸ್ತ್ರಿಗೂ ಬಾಗಿಲು ಹಾಕಿದ ಇಬ್ಬರಿಗೂ ಜೀವಾವಧಿಯಾಯಿತು. ಉಳಿದವರಿಗೆ ವರ್ಷಗಟ್ಟಲೆ ಜೈಲು. ತೀರ್ಪಿನ ದಿನ ಖಾಸಿಂ ಸಾಹೇಬರು ಕಾಗದ ನಡುಗಿಸದೆ ಹೊರಗೆ ಬಂದು ದೊಡ್ಡ ರಸ್ತೆಯ ನಟ್ಟನಡುವೆ ನಡೆದು ಮನೆಗೆ ಹೋದರು. ಅವರ ಪಾಲಿನ ಒಂದು ಹೆದರಿಕೆ ಅವರಿಗೆ ಏನೂ ಅಲ್ಲವೆನಿಸಿರಬೇಕು. ಆದರೆ ನಲವತ್ತೊಂದು ಜನರದ್ದು ಅವರವರ ಅಂಗಡಿಗೆ ವಾಪಸು ಬಂತು. ಮೇಸ್ತ್ರಿ ಜೈಲಿನಲ್ಲಿದ್ದರೂ ಅಂಗಡಿಯವರು ಕತ್ತಲಾಗುವ ಮುಂಚೆ ಶಟರ್ ಎಳೆಯುತ್ತಾರೆ. ಸೋಮವಾರ ಕಾರಿನ ಸದ್ದಾದರೆ ಜಯಣ್ಣ ಇಂದಿಗೂ ಗಲ್ಲಾಪೆಟ್ಟಿಗೆಯ ಕಡೆ ಕೈ ಹಾಕುತ್ತಾನೆ.

ಏಳು ತಿಂಗಳ ಮೇಲೆ ಮೇಸ್ತ್ರಿ ಮೇಲಿನ ಕೋರ್ಟಿಗೆ ಅಪೀಲು ಹಾಕಿದ. ಮತ್ತೆ ವಕೀಲರನ್ನು ಆರಿಸುವ ಮಾತು ಬಂತು. ಅಂಗಡಿಯವರು ಖಾಸಿಂ ಸಾಹೇಬರಿಗೇ ಸಹಿ ಹಾಕಿದರು. ನಮ್ಮ ಮನೆಗೆ ದಾಕ್ಷಾಯಿಣಿಯವರು ಕಾಗದ ಹಿಡಿದು ಬಂದರು, ನಾನು ಕರೆಯದೆಯೇ. ಮಧ್ಯಾಹ್ನದ ಬಿಸಿಲು ಪಡಸಾಲೆಯವರೆಗೂ ಬಂದಿತ್ತು. ಸಾಕಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಮತ್ತೆ ಮೂಳೆ ಕಾಣುವ ಹಾಗಾಗಿದ್ದಳು.

"ಅಪೀಲಿನಲ್ಲಿ ಸಾಕ್ಷಿ ಕೇಳೋದಿಲ್ಲ, ಕಾಗದ ಓದ್ತಾರೆ ಅಷ್ಟೇ," ಎಂದರು ವಕೀಲಮ್ಮ. "ಈ ಸಲ ಅದರಿಂದ ಕೇಸಿಗೆ ತೊಂದರೆ ಇಲ್ಲ. ನಾಲ್ಕೈದು ವರ್ಷ ಎಳೆಯುತ್ತೆ. ನಾನು ಇಟ್ಕೊಂಡಿರ್ತೀನಿ. ನನಗೆ ಕಷ್ಟ ಆಗೋದಿಲ್ಲ." ಕೊನೆಯ ಮಾತನ್ನು ಅವರು ಸ್ವಲ್ಪ ಬೇಗ ಹೇಳಿದರು.

ನಾನು ಕಾಗದವನ್ನೂ ಪೆನ್ನನ್ನೂ ಸಾಕಮ್ಮನ ಮುಂದೆ ಸರಿಸಿದೆ. ಅವಳು ಕಾಗದ ನೋಡಲಿಲ್ಲ, ನನ್ನನ್ನು ನೋಡಿದಳು.

"ಹಿಂದಿನ ಸಲ ನೀವೇ ಹಾಕಬಹುದಿತ್ತಲ್ಲ. ನನ್ನ ಕೈಲಿ ಯಾಕೆ ಹಾಕಿಸಿದ್ರಿ?"

"ನೀನು ಊಟ ಬಿಟ್ಟಿದ್ದೆ."

"ಅಷ್ಟೂ ವರ್ಷ ನೀವು ಇದನ್ನ ಇಟ್ಕೊಂಡು ನನ್ನ ಎದುರಿಗೆ ಓಡಾಡಿದ್ರಾ?"

"ಹೂಂ."

"ನಾನು ಅವಳ ಬಟ್ಟೆನೆಲ್ಲ ಕೊಟ್ಟುಬಿಟ್ಟೆ."

"ಹೋಗ್ಲಿ ಬಿಡು."

ಅವಳು ಕಾಗದವನ್ನು ಎತ್ತಿ ವಕೀಲಮ್ಮನ ಮಡಿಲಲ್ಲಿ ಇಟ್ಟಳು. ಒರಟಾಗಿ ಅಲ್ಲ. ಅವರ ಕೈಯನ್ನು ಒಂದು ಸಲ ಹಿಡಿದು ಬಿಟ್ಟಳು. "ನೀವು ವಾದ ಮಾಡಿ ತಾಯಿ, ಸಹಿ ಬೇಡ," ಎಂದಳು. ನನ್ನ ಕಡೆ ತಿರುಗಿ, "ಇನ್ನೊಂದು ಸಲ ಹಾಗೆ ಮಾಡಬೇಡಿ. ನನ್ನ ಮಗಳು ಸತ್ತ ಮೇಲೆ ಅಷ್ಟೂ ವರ್ಷ ನಾನು ಈ ಮನೇಲಿ ಇರಲಿಲ್ಲ," ಎಂದಳು.

ದಾಕ್ಷಾಯಿಣಿಯವರು ಕಾಗದ ಮಡಿಸಿಕೊಂಡು ಎದ್ದರು. ಗೇಟಿನವರೆಗೆ ನಾನು ಹೋದೆ. ಅವರು ಹೋಗುವ ಮುಂಚೆ ಒಂದು ಸಲ ಮನೆಯ ಕಡೆ ನೋಡಿದರು, ಏನನ್ನೋ ಮರೆತು ಬಂದವರ ಹಾಗೆ, ಆದರೆ ಏನು ಮರೆತರೆಂದು ನೆನಪಿಗೆ ಬಾರದವರ ಹಾಗೆ.

ನಾನು ವಾಪಸು ಬಂದಾಗ ಸಾಕಮ್ಮ ಅಲ್ಲೇ ಇದ್ದಳು. ನಾನು ಹಿತ್ತಲಿಗೆ ಹೋಗಲಿಲ್ಲ. ಅವಳ ಪಕ್ಕದಲ್ಲಿ ಕೂತೆ. ಅವಳು ಕಂಬ ಬಿಟ್ಟು ನನ್ನ ಹೆಗಲಿಗೆ ಒರಗಿದಳು. ಬಿಸಿಲು ಪಡಸಾಲೆಯಿಂದ ಇಳಿದು ಅಂಗಳ ದಾಟುವವರೆಗೂ ಇಬ್ಬರೂ ಅತ್ತೆವು.